ಹನ್ನೊಂದು ಹೆಸರಿನ ಒಂದು ಬಾಯಿ

ಯಾವ ಹಲ್ಲು ಯಾವ ವರ್ಷ, ಯಾವ ತಿಂಗಳಲ್ಲಿ ಕೈಕೊಡುತ್ತದೆಂದು ಮೊದಲೇ ಗೊತ್ತಾದರೆ ಮನುಷ್ಯ ನೆಮ್ಮದಿಯಾಗಿರುತ್ತಾನೋ, ಇರುವ ನೆಮ್ಮದಿಯನ್ನೂ ಕಳೆದುಕೊಳ್ಳುತ್ತಾನೋ? ಹುಬ್ಬಳ್ಳಿಯ ದರ್ಜಿ ಓಣಿಯವರು ಇಂಥ ಪ್ರಶ್ನೆಗಳಿಗೆ ತಲೆ ಕೆಡಿಸಿಕೊಳ್ಳುವ ಪೈಕಿಯಲ್ಲ. ಆದರೆ ಆ ವರ್ಷ ಯುಗಾದಿ ಕಳೆದ ವಾರದಲ್ಲಿ ಪ್ರಶ್ನೆ ತಾನಾಗಿಯೇ ಓಣಿಗೆ ಬಂತು. ‘ಸುದಂತ’ ಎಂಬ ವಿಮಾ ಕಂಪನಿಯ ಇಬ್ಬರು ಹುಡುಗಿಯರು ಕಿರುಬೆರಳಿನಷ್ಟು ಉದ್ದದ ಗಾಜಿನ ಬಾಟಲಿಗಳನ್ನು ಮನೆಮನೆಗೂ ಹಂಚಿ ಹೋದರು. ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸುವ ಮೊದಲು ಅದರಲ್ಲಿ ಎಂಜಲು ತುಂಬಿ, ಹೆಸರು ಬರೆದು ಕೊಟ್ಟರೆ ಸಾಕು. ಹದಿನೈದು ದಿನಕ್ಕೆ ಬಾಯಿಯ ಭವಿಷ್ಯ ಕೈಗೆ ಬರುತ್ತದೆ. ಭವಿಷ್ಯ ಚೆನ್ನಾಗಿದ್ದವರಿಗೆ ಹತ್ತು ವರ್ಷದ ವಿಮೆ. ಹಲ್ಲು, ಒಸಡು, ದವಡೆ, ಯಾವುದಕ್ಕೆ ಏನಾದರೂ ಖರ್ಚು ಕಂಪನಿಯದು. ಚೆನ್ನಾಗಿಲ್ಲದವರಿಗೆ ಒಂದು ಕೆಂಪು ಚೀಟಿ. ಅದರಲ್ಲಿ ‘ವಿಮೆ ಇಲ್ಲ’ ಎಂಬ ಎರಡು ಶಬ್ದ ಬಿಟ್ಟರೆ ಬೇರೇನೂ ಇರುವುದಿಲ್ಲ.

ಎಂಜಲು ಓದುವ ಯಂತ್ರದ ಹೆಸರು ದಂತದರ್ಶಿ. ಓಣಿಯವರು ಅದನ್ನು ‘ಹಲ್ಲಿನ ಪಂಚಾಂಗ’ ಎಂದು ಕರೆದರು. ಆ ಪಂಚಾಂಗ ಓದುವ ಕೇಂದ್ರದಲ್ಲಿ ಕೆಲಸ ಮಾಡುವ ಮಂದಾಕಿನಿ ಅದೇ ಓಣಿಯ ಸೊಸೆ. ಹೀಗಾಗಿ ಆ ವಾರ ಅವಳಿಗೆ ಓಣಿಯಲ್ಲಿ ಅಡ್ಡಾಡುವುದೇ ಕಷ್ಟವಾಯಿತು. “ಮಂದಾ, ಖರೇ ಹೇಳವಾ, ವಿಮಾ ಮಾಡಸೂದು ಚಲೋನೋ, ಬರೇ ದಂಡನೋ?” ಎಂದು ಕಂಡಕಂಡವರೆಲ್ಲ ಕೇಳುವವರೇ. ಮಂದಾಕಿನಿ ಹುಟ್ಟಾ ಚಿಂತೆಯ ಹೆಣ್ಣು. ಬಾಗಿಲಿಗೆ ಕೀಲಿ ಹಾಕಿ ಮೂರು ಸಲ ಜಗ್ಗಿ ನೋಡಿ, ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು ಮತ್ತೊಮ್ಮೆ ಜಗ್ಗುವವಳು. ಅಂಥವಳಿಗೆ ವಿಮೆ ಬೇಕೋ ಬೇಡವೋ ಎಂದು ಕೇಳಿದರೆ ಬೇಡ ಅಂದಾಳೆಯೇ? ಆದರೂ ತನ್ನ ಮಾತು ಕೇಳಿ ಮಾಡಿಸಿ ಆಮೇಲೆ ತನ್ನನ್ನೇ ಬೈದರೆ ಎಂದು ಹೆದರಿ, “ನಿಮ್ಮ ನಿಮ್ಮ ಮನ್ಯಾಗ ಕೇಳಿ ಮಾಡ್ರಿ” ಎಂದು ತಪ್ಪಿಸಿಕೊಂಡಳು.

ಅವಳ ಮನೆಯಲ್ಲಿ ಆ ನಿರ್ಧಾರ ಬೆಳಗಿನ ರೊಟ್ಟಿ ಮುಗಿಯುವಷ್ಟರಲ್ಲಿ ಆಗಿಹೋಯಿತು.

“ನಮ್ಮಿಬ್ಬರದೂ ಮಾಡಸೂಣು,” ಎಂದ ಗಂಡ ಮಹಾಂತೇಶ. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. “ನನ್ನ ಮ್ಯಾಲಿನ ಹಲ್ಲ ಎರಡು ಈಗ ಅಳ್ಳಾಡಾಕತ್ತಾವ. ಅವ್ವಂದ ಏನ ಮಾಡೂಣು?”

ಅವನ ತಾಯಿ ನೀಲಗಂಗವ್ವ ಮೂಲೆಯಲ್ಲಿ ಕೂತು ನಾಲ್ಕು ದಿನದ ಹಿಂದಿನ ಒಣಗಿದ ಜೋಳದ ರೊಟ್ಟಿಯನ್ನು ಕಟಂಕಟಂ ಎಂದು ಕಡಿಯುತ್ತಿದ್ದಳು. ಐವತ್ತೆಂಟರ ಹೆಂಗಸು. ಬಾಯಲ್ಲಿ ಒಂದು ಹಲ್ಲು ಹೋಗಿಲ್ಲ, ಒಂದು ಹಲ್ಲು ಕಂದಿಲ್ಲ.

“ಇವಕ್ಕ ವಿಮಾ ಮಾಡಸ್ತೀರೇನು? ಅದರ ಬದ್ಲಿ ನನಗೊಂದು ಸೀರಿ ತರ್ರಿ, ಉಡ್ತೀನಿ,” ಎಂದು ನಕ್ಕಳು.

ಮೂವರೂ ನಕ್ಕರು. ಮಂದಾಕಿನಿಯೂ ನಕ್ಕಳು. ಅತ್ತೆಯ ಪಾಲಿಗೆ ಬಂದಿದ್ದ ಬಾಟಲಿಯನ್ನು ಅವಳೇ ಹುಡುಗಿಯರಿಗೆ ಖಾಲಿಯಾಗಿ ವಾಪಸು ಕೊಟ್ಟಳು.

ದರ್ಜಿ ಓಣಿಯ ಹೆಂಗಸರದು ಕಾಜಾ-ಗುಂಡಿಯ ಕೆಲಸ. ಅಂಗಡಿಗಳಿಂದ ಹೊಲಿದ ಅಂಗಿಗಳು ಗಂಟುಗಟ್ಟಲೆ ಬರುತ್ತವೆ. ಗುಂಡಿಯ ತೂತು ಹೊಲಿಯುವುದು, ಗುಂಡಿ ಹಚ್ಚುವುದು ಇವರ ಪಾಲು. ಅದಕ್ಕೂ ಯಂತ್ರ ಬಂದಿದೆ, ಆದರೆ ಕೈಹೊಲಿಗೆಯೇ ಬೇಕೆನ್ನುವ ಗಿರಾಕಿಗಳು ಇನ್ನೂ ಇದ್ದಾರೆ. ಮಧ್ಯಾಹ್ನವಾದರೆ ಹುಣಸೆಮರದ ಕಟ್ಟೆಯ ಮೇಲೆ ಹನ್ನೆರಡು ಹೆಂಗಸರು ಸಾಲಾಗಿ ಕೂರುತ್ತಾರೆ. ಪ್ರತಿ ಗುಂಡಿಗೂ ಒಮ್ಮೆ ದಾರ ಕಡಿಯಬೇಕು. ಅದಕ್ಕೆ ಕತ್ತರಿ ಹುಡುಕುತ್ತ ಕೂತರೆ ಕೆಲಸ ಸಾಗುವುದಿಲ್ಲವಾದ್ದರಿಂದ ಎಲ್ಲರೂ ಹಲ್ಲಿನಿಂದಲೇ ಕಡಿಯುತ್ತಾರೆ. ಇಪ್ಪತ್ತು ಮೂವತ್ತು ವರ್ಷ ಹಾಗೆ ಕಡಿದು ಎಲ್ಲರ ಮುಂದಿನ ಹಲ್ಲಿನಲ್ಲೂ ದಾರ ಕೂರುವಷ್ಟು ಅಗಲದ ಕಚ್ಚು ಬಿದ್ದಿದೆ. ನಕ್ಕರೆ ಸಾಕು, ಇವರು ಕಾಜಾದವರು ಎಂದು ಗೊತ್ತಾಗುತ್ತದೆ. ನೀಲಗಂಗವ್ವನೂ ಅಷ್ಟೇ ಕಡಿದವಳು, ಆದರೆ ಅವಳ ಹಲ್ಲು ಜಗ್ಗಲಿಲ್ಲ. ಅದಕ್ಕೇ ಉಳಿದ ಹನ್ನೊಂದು ಜನಕ್ಕೆ ಅವಳ ಬಾಯಿ ಎಂದರೆ ಒಂದು ಬಗೆಯ ಬೆರಗು.

ಬಾಟಲಿಗಳು ತಮ್ಮ ಸರದಿ ಕಾದು ಹತ್ತನೆಯ ದಿನ ಕೇಂದ್ರದ ಯಂತ್ರಕ್ಕೆ ಬಂದವು.

ಓದುಕೋಣೆಗೆ ಕಿಟಕಿಯಿಲ್ಲ. ಯಂತ್ರಕ್ಕೆ ತಂಪು ಬೇಕಾದ್ದರಿಂದ ಒಳಗೆ ಕೆಲಸ ಮಾಡುವವರು ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಳ್ಳುತ್ತಾರೆ. ಯಂತ್ರದ ಗುಟ್ಟು ತೀರಾ ಗಹನವಾದದ್ದೇನಲ್ಲ. ಮಗುವಿನ ಹಲ್ಲುಗಳೆಲ್ಲ ಒಂದೇ ಸಲ ಗಟ್ಟಿಯಾಗುವುದಿಲ್ಲ. ಒಂದೊಂದು ಹಲ್ಲು ಒಂದೊಂದು ವಯಸ್ಸಿನಲ್ಲಿ ಒಸಡಿನೊಳಗೇ ಗಟ್ಟಿಯಾಗುತ್ತ, ಆಗ ಕುಡಿದ ನೀರಿನ ಗುರುತನ್ನು ತನ್ನೊಳಗೆ ಇಟ್ಟುಕೊಂಡುಬಿಡುತ್ತದೆ. ಮುಂದೆ ಜೀವಮಾನವಿಡೀ ಪ್ರತಿ ಹಲ್ಲೂ ಕಣ್ಣಿಗೆ ಕಾಣದಷ್ಟು ಸವೆದು ಎಂಜಲಿನಲ್ಲಿ ಬೆರೆಯುತ್ತಿರುತ್ತದೆ. ದಂತದರ್ಶಿ ಆ ಸವಕಳಿಯನ್ನು ನೀರಿನ ಗುರುತು ನೋಡಿ ಬೇರೆಬೇರೆ ಮಾಡುತ್ತದೆ, ಯಾವ ಹಲ್ಲು ಎಷ್ಟು ಬೇಗ ಸವೆಯುತ್ತಿದೆ ಎಂದು ಅಳೆದು ಒಂದೊಂದಕ್ಕೂ ಒಂದು ಗೆರೆ ಎಳೆಯುತ್ತದೆ. ಎಲ್ಲಕ್ಕಿಂತ ಕೆಳಗೆ ದವಡೆಯ ಮೂಳೆಯದೊಂದು ಗೆರೆ. ಅದು ಯಾವಾಗಲೂ ಮಟ್ಟಸವಾಗಿರಬೇಕು. ಬಾಟಲಿಯ ಮೇಲಿನ ಹೆಸರು ನಿಜವೇ ಎಂದು ಮಾತ್ರ ಯಂತ್ರ ನೋಡುವುದಿಲ್ಲ. ಜನರ ವಂಶವಾಹಿ ಓದಲು ವಿಮಾ ಕಂಪನಿಗಳಿಗೆ ಕಾನೂನು ಬಿಟ್ಟಿಲ್ಲ.

ಕಟ್ಟೆಯ ಹೆಂಗಸರ ಪೈಕಿ ಮೊದಲು ಹುಸೇನಬಿಯ ಹೆಸರು ಬಂತು. ನೆನೆಸಿದ ಶೇಂಗಾ ಅಗಿಯಲೂ ಆಗದ ಹುಸೇನಬಿ. ಪರದೆಯ ಮೇಲೆ ಗೆರೆಗಳು ಮೂಡುತ್ತ ಹೋದಂತೆ ಮಂದಾಕಿನಿಗೆ ನಂಬಿಕೆಯಾಗಲಿಲ್ಲ. ಯಂತ್ರದ ಪ್ರಕಾರ ಹುಸೇನಬಿ ತೊಂಬತ್ತನೆಯ ವಯಸ್ಸಿನಲ್ಲಿ ಕಬ್ಬು ಸಿಗಿದು ತಿನ್ನಬಹುದಿತ್ತು. ಅಷ್ಟರಲ್ಲಿ ಕೊನೆಯ ಗೆರೆ ಬಂತು. ಮಟ್ಟಸವಾಗಿರಬೇಕಾದ ಮೂಳೆಯ ಗೆರೆ ಬಲಗಡೆ ಕೆಳದವಡೆಯ ತುದಿಯಲ್ಲಿ ತಲೆಯೆತ್ತಿತ್ತು. ಪರದೆ ಕೆಂಪಾಯಿತು.

ಮುಂದಿನದು ಸೀತಾಬಾಯಿ. ಅವೇ ಗೆರೆಗಳು, ಅದೇ ತಲೆಯೆತ್ತಿದ ಮೂಳೆ. ಅದರ ಮುಂದಿನದೂ ಅದೇ. ಮಂದಾಕಿನಿ ಯಂತ್ರ ಕೆಟ್ಟಿದೆಯೆಂದು ನಡುವೆ ತನ್ನದೇ ಬಾಟಲಿ ಹಾಕಿ ನೋಡಿದಳು. ಅದರ ಗೆರೆಗಳು ಬೇರೆಯೇ ಬಂದವು. ಹನ್ನೊಂದನೆಯದು ಮುಗಿಯುವ ಹೊತ್ತಿಗೆ ಅವಳಿಗೆ ಎಲ್ಲ ತಿಳಿದಿತ್ತು. ಹನ್ನೊಂದು ಹೆಂಗಸರೂ ಕೂಡಿ ಯಾರೋ ಒಬ್ಬಳ ಎಂಜಲನ್ನು ತಮ್ಮತಮ್ಮ ಹೆಸರಿನಲ್ಲಿ ಕೊಟ್ಟಿದ್ದರು. ಅವಳಿಗೆ ಫಕ್ಕನೆ ನಗು ಬಂತು. ನೀರು ಕುಡಿದ ಲೋಟವನ್ನು ಬೂದಿ ಹಚ್ಚಿ ತಿಕ್ಕಿಸುವ ಮಡಿಹೆಂಗಸು ಸೀತಾಬಾಯಿ, ಮತ್ತೊಬ್ಬರ ಎಂಜಲನ್ನು ಸೆರಗಿನಲ್ಲಿ ಮುಚ್ಚಿ ತಂದಿದ್ದಾಳೆ!

ನಗು ಅಲ್ಲೇ ನಿಂತಿತು. ಈ ಬಾಯಿ ಯಾರದು?

ಮೂಳೆಯ ಗೆರೆ ಹಾಗೆ ಏಳುವುದೆಂದರೆ ಒಳಗೆ ಏನೋ ಬೆಳೆಯುತ್ತಿದೆಯೆಂದು ಅವಳಿಗೆ ಗೊತ್ತಿತ್ತು. ಮೂರು ವರ್ಷದಲ್ಲಿ ಅಂಥವು ಹದಿನಾರು ನೋಡಿದ್ದಳು. ಆ ಹದಿನಾರಕ್ಕೂ ಹೆಸರಿತ್ತು, ಅವಳಿಗೆ ಪರಿಚಯವಿಲ್ಲದ ಹೆಸರು. ಕೆಂಪು ಚೀಟಿ ಹೋಗಿ ಮುಗಿಯುತ್ತಿತ್ತು. ಈ ಸಲ ಹನ್ನೊಂದು ಹೆಸರಿದ್ದವು, ಆಳು ಇರಲಿಲ್ಲ. ಐದು ದಿನದಲ್ಲಿ ಹನ್ನೊಂದು ಕೆಂಪು ಚೀಟಿ ಓಣಿಗೆ ಹೋಗುತ್ತವೆ. ಇಷ್ಟು ಚಂದದ ಹಲ್ಲಿಗೂ ವಿಮೆ ಇಲ್ಲವೆಂದರೆ ಯಂತ್ರಕ್ಕೇ ಕಣ್ಣಿಲ್ಲ ಎಂದು ಹೆಂಗಸರು ಕಂಪನಿಯನ್ನು ಬೈದು ಸುಮ್ಮನಾಗುತ್ತಾರೆ. ಅದೇ ದಿನ ಕೇಂದ್ರದವರು ಬಾಟಲಿಗಳನ್ನು ಎಸೆದು ಗೆರೆಗಳನ್ನು ಅಳಿಸಿಹಾಕುತ್ತಾರೆ. ಆ ಒಬ್ಬಳು ದಾರ ಕಡಿಯುತ್ತ ಅಲ್ಲೇ ಕೂತಿರುತ್ತಾಳೆ.

ಕೇಂದ್ರದ ಮುಖ್ಯಸ್ಥ ಅಣ್ವೇಕರ ಸರ್ ಕೆಟ್ಟವರಲ್ಲ. ನಿಯಮದ ಪುಸ್ತಕ ಬಾಯಿಪಾಠ ಮಾಡಿದವರು, ಅಷ್ಟೇ. ಮಂದಾಕಿನಿ ಹನ್ನೊಂದರ ವಿಷಯ ಬಾಯಿ ಬಿಡದೆ, ಒಂದೇ ಗೆರೆಯ ಮಾತು ಎತ್ತಿದಳು.

“ಸರ್, ಮೂಳಿ ಗೆರಿ ಎದ್ದವರಿಗೆ ಒಂದ ಮಾತು ತಿಳಸಾಕ ಬರೂದಿಲ್ಲೇನ್ರಿ? ದವಾಖಾನಿಗೆ ತೋರಿಸ್ರಿ ಅಂತ?”

“ನಾವು ಡಾಕ್ಟರ್ ಅಲ್ಲ, ಮಂದಾಕಿನಿ. ನಾಳೆ ಅದು ತಪ್ಪಾದ್ರ ಯಾರು ಹೊಣಿ? ಇನ್ನ ಖರೇ ಆದ್ರ ಅದು ತಿಳಿದ ರೋಗ ಆತು. ತಿಳಿದ ರೋಗಕ್ಕ ಯಾವ ಕಂಪನಿನೂ ವಿಮಾ ಕೊಡೂದಿಲ್ಲ. ನೀ ಹೇಳಿ ಅವರಿಗೆ ಉಪಕಾರ ಮಾಡಿದಂಗೂ ಆಗೂದಿಲ್ಲ. ಸುಳ್ಳು ಬಾಟ್ಲಿ ಕೊಟ್ಟವರಿದ್ರ ಮಾತ್ರ ಹೇಳು, ಅವರ ಹೆಸರು ಕಾಯಂ ತಗದ ಹಾಕೂಣು.”

ಅವಳು ಹೂಂ ಎಂದು ಹೊರಗೆ ಬಂದಳು.

ಅಂದು ಸಂಜೆ ಬಿಸಿಲು ಇಳಿಯುವ ಮೊದಲೇ ಅವಳು ಕಟ್ಟೆಗೆ ಹೋದಳು. ಹನ್ನೆರಡೂ ಜನ ಇದ್ದರು. ಕೇಂದ್ರದ ಗುಟ್ಟು ಹೊರಗೆ ಹೇಳುವಂತಿಲ್ಲ. ರೋಗದ ಮಾತು ಎತ್ತುವಂತಿಲ್ಲ. ಅವಳು ಸುತ್ತಿ ಬಳಸಿ, “ಬಾಟ್ಲಿ ತುಂಬೂದ್ರಾಗ ಯಾರಾರ ಯಾರಿಗರ ಸಹಾಯ ಮಾಡೀರೇನು?” ಎಂದು ಕೇಳಿದಳು.

ಹನ್ನೆರಡು ಸೂಜಿಗಳೂ ಒಂದು ಗಳಿಗೆ ನಿಂತು ಮತ್ತೆ ನಡೆದವು.

“ಸಹಾಯ ಎಂಥಾದ್ದವಾ? ಉಗುಳಾಕ ಸಹಾಯ ಬೇಕೇನು?” ಎಂದಳು ಹುಸೇನಬಿ.

“ನಾ ಮಡೀಲೆ ಇರಾಕಿ,” ಎಂದಳು ಸೀತಾಬಾಯಿ, ಯಾರೂ ಕೇಳದಿದ್ದರೂ. “ಬ್ಯಾರೆಯವರ ಎಂಜಲಾ ಕಣ್ಣೀಲೆ ನೋಡಾಂಗಿಲ್ಲ.”

ಈ ಮಾತಿಗೆ ಎಲ್ಲರಿಗಿಂತ ಜೋರಾಗಿ ನಕ್ಕವಳು ನೀಲಗಂಗವ್ವ. ಮಂದಾಕಿನಿ ಒಬ್ಬೊಬ್ಬರ ಬಾಯನ್ನೇ ನೋಡುತ್ತ ನಿಂತಳು. ಹನ್ನೊಂದು ಬಾಯಲ್ಲಿ ಯಾವುದು? ಶಾಂತವ್ವನ ಕೆನ್ನೆ ಊದಿದೆಯೇ? ಹುಸೇನಬಿ ಯಾಕೆ ಬಲಗೈ ದವಡೆಗೆ ಹಚ್ಚಿಕೊಂಡಳು? ಅತ್ತೆಯ ಹೆಸರಿನಲ್ಲಿ ಬಾಟಲಿಯೇ ಇರಲಿಲ್ಲವಾದ್ದರಿಂದ ಅವಳ ಕಣ್ಣು ಹನ್ನೆರಡನೆಯ ಬಾಯಿಯ ಮೇಲೆ ನಿಲ್ಲಲೇ ಇಲ್ಲ.

ಆ ದಿನ ಅವಳಿಗೆ ಊಟ ಸೇರಲಿಲ್ಲ.

ಮರುದಿನ ಕೇಂದ್ರಕ್ಕೆ ಹೋದವಳು ಯಾರೂ ತೆಗೆದು ನೋಡದ ಒಂದು ಪುಟವನ್ನು ತೆರೆದಳು. ಹಲ್ಲುಗಳನ್ನು ಬೇರೆ ಮಾಡಲು ಯಂತ್ರ ಬಳಸುವ ನೀರಿನ ಗುರುತುಗಳ ಪಟ್ಟಿ ಅದು. ವಿಮೆಗೆ ಅದರಿಂದ ಪ್ರಯೋಜನವಿಲ್ಲ. ಆದರೆ ಹೆಸರು ಸುಳ್ಳು ಹೇಳಿದರೂ ಬಾಲ್ಯದ ನೀರು ಸುಳ್ಳು ಹೇಳಲಾರದಲ್ಲ. ಪಟ್ಟಿ ಹುಟ್ಟಿನಿಂದ ಸುರುವಾಗುತ್ತಿತ್ತು. ಮೊದಲ ವರ್ಷ ಸಿಹಿನೀರು, ಹೊಳೆಯದು. ಎರಡನೆಯ ವರ್ಷವೂ ಅದೇ ಹೊಳೆ. ಎಂಟನೆಯ ವರ್ಷದವರೆಗೂ ಅದೇ. ಒಂಬತ್ತನೆಯ ವರ್ಷಕ್ಕೆ ಬಂದಾಗ ಕತ್ತರಿಸಿದ ಹಾಗೆ ಹೊಳೆ ನಿಂತು ಬೋರಿನ ನೀರು ಬಂದಿತ್ತು. ಬರೀ ಸವಳು, ಬರೀ ಉಪ್ಪು. ಅಲ್ಲಿಂದ ಮುಂದೆ ಕೊನೆಯ ದವಡೆಹಲ್ಲಿನವರೆಗೂ ಅದೇ ಸವಳು.

ಒಂಬತ್ತು ವರ್ಷದ ಹುಡುಗಿ ಹೊಳೆ ಬಿಟ್ಟು ಬೋರಿನ ಊರಿಗೆ ಬಂದಿದ್ದಾಳೆ. ಹುಸೇನಬಿ ಹುಬ್ಬಳ್ಳಿಯಲ್ಲೇ ಹುಟ್ಟಿದವಳು. ಸೀತಾಬಾಯಿ ಸವಣೂರಿನವಳು, ಅಲ್ಲಿ ಹೊಳೆಯಿಲ್ಲ. ಶಾಂತವ್ವ...

ಮಂದಾಕಿನಿಯ ಕೈ ಮೇಜಿನ ಮೇಲೆ ಹಾಗೇ ನಿಂತಿತು.

ಈ ಕಥೆ ಅವಳು ನೂರು ಸಲ ಕೇಳಿದ್ದಳು, ಅರ್ಧ ಕಿವಿಯಲ್ಲಿ. ಕೃಷ್ಣೆಯ ಹಿನ್ನೀರು ಬಂದು ಊರು ಮುಳುಗಿದ್ದು, ಅಪ್ಪ ಮನೆಯ ಬಾಗಿಲು ಕಿತ್ತು ಟ್ರ್ಯಾಕ್ಟರಿಗೆ ಹಾಕಿದ್ದು, ಹೊಸ ಜಾಗದಲ್ಲಿ ನೀರಿಗೆ ಬಾಯಿ ಹಚ್ಚಿದರೆ ಉಪ್ಪು ಉಪ್ಪು, ಎರಡು ದಿನ ನೀರು ಕುಡಿಯದೆ ಅತ್ತದ್ದು. “ಒಂಬತ್ತ ವರ್ಷದಾಕಿ ಇದ್ನೆವಾ ನಾ,” ಎಂದೇ ಅತ್ತೆ ಆ ಕಥೆ ಸುರುಮಾಡುತ್ತಿದ್ದಳು.

ತಂಪು ಕೋಣೆಯಲ್ಲಿ ಮಂದಾಕಿನಿಗೆ ಬೆವರು ಬಂತು. ಓಣಿಯಲ್ಲಿ ಯಾರಿಗೆ ಏನಾಗಿದೆಯೋ ಎಂದು ಒಂದು ದಿನವಿಡೀ ಕಂಗಾಲಾಗಿದ್ದಳು. ತನ್ನ ಮನೆಯಲ್ಲೇ, ತಾನೇ ರೊಟ್ಟಿ ಬಡಿದು ಹಾಕುವ ತಟ್ಟೆಯ ಮುಂದೆ ಕೂತವಳನ್ನು ಕಾಣಲಿಲ್ಲ. ಎಲ್ಲದಕ್ಕೂ ಹೆದರುವ ತಾನು ಹೆದರಬೇಕಾದ ಒಂದೇ ಒಂದು ಕಡೆ ನಕ್ಕು ಸುಮ್ಮನಾಗಿದ್ದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು, ಆ ಸಿಟ್ಟಿನ ಹಿಂದೆಯೇ ಅಳುವೂ ಬಂತು. ಆ ಖಾಲಿ ಬಾಟಲಿಯನ್ನು ವಾಪಸು ಕೊಟ್ಟದ್ದು ಇದೇ ಕೈ.

ಆದರೂ ಚಿಂತೆಯ ಹೆಣ್ಣಿಗೆ ಖಾತ್ರಿ ಬೇಕು. ಅವಳು ಒಂದು ಹೊಸ ಬಾಟಲಿ ತಂದು ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಆಗಷ್ಟೇ ಎದ್ದ ಅತ್ತೆಯ ಮುಂದೆ ಹಿಡಿದಳು.

“ಅತ್ತೀ, ಇದನ್ನೊಂದು ತುಂಬಿ ಕೊಡ್ರಿ.”

“ಈ ಸಲ ಯಾರ ಹೆಸರೀಲೆ?” ಎಂದು ಕೇಳಿ ನೀಲಗಂಗವ್ವ ನಾಲಿಗೆ ಕಚ್ಚಿಕೊಂಡಳು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ನೀಲಗಂಗವ್ವನಿಗೆ ನಗುವೂ ನಾಚಿಕೆಯೂ ಒಟ್ಟಿಗೇ ಬಂದವು. “ಬೈಬ್ಯಾಡ ಯವ್ವಾ. ಪಾಪ, ಅವರ ಹಲ್ಲ ನೋಡೀಯಲ್ಲ? ಕೆಂಪ ಚೀಟಿ ಬಂದ್ರ ಏನ ಮಾಡ್ಯಾರು? ನಂದು ಹೆಂಗೂ ಯಾರಿಗೂ ಬೇಡಾಗಿತ್ತು. ಹುಣಸಿಹಣ್ಣ ಚೀಪಿ ಚೀಪಿ ಹನ್ನೊಂದು ಬಾಟ್ಲಿ ತುಂಬಿಸಿದ್ನಿ. ಒಬ್ಬಾಕೀದು ಒಬ್ಬಾಕಿಗೆ ಗೊತ್ತಿಲ್ಲ. ಎಲ್ಲಾರೂ ಬ್ಯಾರೆಬ್ಯಾರೆ ಬಂದು ಕಿವ್ಯಾಗ ಹೇಳಿದ್ರು.”

“ನಿಮ್ಮ ಹೆಸರೀಲೆ ತುಂಬ್ರಿ,” ಎಂದಳು ಮಂದಾಕಿನಿ. ಅವಳು ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದಳು.

ಆ ಬಾಟಲಿಯನ್ನು ದಾಖಲೆಗೆ ಹೆಸರು ಏರಿಸದೆ ಓದಿಸಿ, ಹೊಸ ಗೆರೆಯನ್ನು ಹಳೆಯ ಗೆರೆಯ ಪಕ್ಕದಲ್ಲೇ ಕಾಗದದ ಮೇಲೆ ಇಳಿಸಿಕೊಂಡು, ಅವಳು ಮಧ್ಯಾಹ್ನವೇ ಮನೆಗೆ ಬಂದಳು. ಮಹಾಂತೇಶನನ್ನೂ ಡಿಪೋದಿಂದ ಕರೆಸಿದ್ದಳು. ಅತ್ತೆ ಕಟ್ಟೆಯ ಮೇಲಿದ್ದಳು. ಅವಳ ನಗು ಒಳಗೆ ಕೇಳಿಸುತ್ತಿತ್ತು.

ಮಹಾಂತೇಶ ಎಲ್ಲ ಕೇಳಿದ. ಕೈಗೆ ಹತ್ತಿದ ಗ್ರೀಸು ಒರೆಸಿಕೊಳ್ಳುತ್ತ, ಒರೆಸಿದ ಬೆರಳನ್ನೇ ಮತ್ತೆ ಒರೆಸುತ್ತ ಕೂತ. ಆಮೇಲೆ ಒಮ್ಮೆಲೇ ತಲೆಯೆತ್ತಿದ.

“ಅವ್ವಗ ಇನ್ನೂ ಗೊತ್ತಿಲ್ಲ ಹೌದಿಲ್ಲೋ? ದಾಖಲಿನ್ಯಾಗೂ ಆಕಿ ಹೆಸರಿಲ್ಲ. ನನ್ನ ಎಂಜಲಾ ಹಾಕಿ ಆಕಿ ಹೆಸರೀಲೆ ಬಾಟ್ಲಿ ಕೊಡೂಣು. ನಂದು ಅಳ್ಳಾಡೂ ಹಲ್ಲಿರಬಹುದು, ದವಡಿ ಗಟ್ಟಿ ಐತಲ್ಲ. ವಿಮಾ ಸಿಗತೈತಿ. ಆಮ್ಯಾಲೆ ದವಾಖಾನಿಗೆ ಹೋಗೂಣು. ದವಡಿ ಆಪರೇಶನ್ ಅಂದ್ರ ನಮ್ಮ ಕೈಲೆ ಆಗೂ ಮಾತೇನು?”

ಮಂದಾಕಿನಿ ಈ ಯೋಚನೆ ಮಾಡಿರಲಿಲ್ಲವೆಂದಲ್ಲ. ಬಸ್ಸಿನಲ್ಲಿ ಬರುವಾಗ ಇದೊಂದೇ ಯೋಚನೆ. ಬಾಟಲಿ ತುಂಬಿಸಬಹುದು, ಓದುವವಳು ತಾನೇ, ಯಾರಿಗೂ ತಿಳಿಯುವುದಿಲ್ಲ. ಸುಳ್ಳು ಹೇಳಲು ಅವಳಿಗೆ ಈಗ ನಾಚಿಕೆಯೂ ಉಳಿದಿರಲಿಲ್ಲ.

“ವಿಮಾ ಸಿಕ್ಕ ದಿನಾನ ನಡೀತೈತಿ ಅಂತ ತಿಳಿದೀರೇನು? ತೊಂಬತ್ತ ದಿನ ಕಾಯಬೇಕು. ತೊಂಬತ್ತ ದಿನದೊಳಗ ದವಾಖಾನಿ ಮೆಟ್ಟಲಾ ಹತ್ತಿದ್ರ ವಿಮಾ ರದ್ದು.”

“ತೊಂಬತ್ತ ದಿನ ಏನ ಮಹಾ? ಆಕಿಗೆ ನೋವಿಲ್ಲ, ಬ್ಯಾನಿಯಿಲ್ಲ. ಮೂರ ತಿಂಗಳ ಹಿಂಗ ಹೋಕ್ಕಾವು.”

ಮಂದಾಕಿನಿ ಕಾಗದವನ್ನು ಚಾಪೆಯ ಮೇಲೆ ಹರವಿದಳು. “ಇದು ಮೊದಲನೇ ಬಾಟ್ಲಿದು. ಇದು ಇವತ್ತಿನದು. ನಡುವ ಹನ್ನೆರಡ ದಿನ. ನೀವ ಮಿಷನ್ ಕೆಲಸದವರು, ಗೆರಿ ಹೆಂಗ ಹೊಂಟೈತಿ ನೋಡ್ರಿ. ಹಿಂಗ ಹೋದ್ರ ತೊಂಬತ್ತನೇ ದಿನ ಎಲ್ಲಿರತೈತಿ, ನಿಮ್ಮ ಬೆರಳೀಲೆ ತೋರಿಸ್ರಿ.”

ಮಹಾಂತೇಶ ಗೆರೆಯ ಮೇಲೆ ಬೆರಳಿಟ್ಟ. ಹನ್ನೆರಡು ದಿನದ ಅಂತರವನ್ನು ಗೇಣಿನಲ್ಲಿ ಅಳೆದುಕೊಂಡ. ಅದೇ ಓಟದಲ್ಲಿ ಬೆರಳನ್ನು ಮೇಲಕ್ಕೆ ಸರಿಸುತ್ತ ಹೋದ. ಬೆರಳು ಕಾಗದದ ಅಂಚು ದಾಟಿತು, ಚಾಪೆಯ ಮೇಲೆ ಹೋಯಿತು, ಚಾಪೆಯನ್ನೂ ದಾಟಿ ನೆಲಕ್ಕೆ ಬಂತು. ಅಲ್ಲಿಗೆ ಇನ್ನೂ ಅರವತ್ತು ದಿನವಷ್ಟೇ ಆಗಿತ್ತು. ಅವನು ಬೆರಳು ಎತ್ತಿಬಿಟ್ಟ.

“ನಾಳೆ ಮುಂಜಾನೆ ರಜಾ ಹಾಕ್ತೀನಿ,” ಎಂದ.

“ಅತ್ತಿಯವರಿಗೆ ಹೇಳೂದು?”

“ನೀನ ಹೇಳು. ನನ್ನ ಕೈಲೆ ಆಗೂದಿಲ್ಲ.”

ಹೇಳುವ ಮಾತನ್ನು ಮಂದಾಕಿನಿ ಮನೆಯಿಂದ ಕಟ್ಟೆಯವರೆಗಿನ ಇಪ್ಪತ್ತು ಹೆಜ್ಜೆಯಲ್ಲಿ ಐದು ಬಗೆಯಲ್ಲಿ ಹೊಂದಿಸಿದಳು. ಅತ್ತೆಯ ಮುಂದೆ ನಿಂತಾಗ ಐದೂ ಮರೆತುಹೋದವು. ಅವಳನ್ನು ಕಟ್ಟೆಯ ತುದಿಗೆ ಕರೆದು ಕೂರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬಲಗಡೆಯ ದವಡೆಯ ಮೂಳೆಯಲ್ಲಿ ಏನೋ ಬೆಳೆಯುತ್ತಿದೆ, ಕ್ಯಾನ್ಸರ್ ಇರಬಹುದು, ಇನ್ನೂ ಸಣ್ಣದಿದೆ, ನಾಳೆಯೇ ಹೋಗಬೇಕು. ತೊಂಬತ್ತು ದಿನದ ವಿಷಯವನ್ನೂ ಮುಚ್ಚಿಡಲಿಲ್ಲ.

ನೀಲಗಂಗವ್ವನ ಕೈಯಲ್ಲಿ ಅರ್ಧ ಹಚ್ಚಿದ ಗುಂಡಿಯಿತ್ತು. ಅವಳು ಅದನ್ನು ಪೂರ್ತಿ ಹಚ್ಚಿದಳು, ನಾಲ್ಕು ಸುತ್ತು ಸುತ್ತಿ ಗಂಟು ಹಾಕಿದಳು. ದಾರ ಕಡಿಯಲು ಅಂಗಿಯನ್ನು ಬಾಯಿಯ ಹತ್ತಿರ ಒಯ್ದವಳು ಅಲ್ಲೇ ನಿಲ್ಲಿಸಿದಳು.

“ಕತ್ತರಿ ಕೊಡವಾ,” ಎಂದಳು.

ಮಂದಾಕಿನಿ ಹುಡುಕಿ ಕೊಟ್ಟಳು. ದಾರ ಕತ್ತರಿಸಿಕೊಂಡು, ಅಂಗಿಯನ್ನು ಮಡಚಿಟ್ಟು, ನೀಲಗಂಗವ್ವ ಕೇಳಿದ್ದು ಬೇರೆಯೇ ಮಾತು.

“ಅಂದ್ರ ಆ ಹನ್ನೊಂದ ಮಂದೀಗೂ ನನ್ನ ಸಲುವಾಗಿ ಕೆಂಪ ಚೀಟಿ ಬರತೈತೇನು?”

“ಅತ್ತೀ, ಈಗ ಅದೆಲ್ಲಾ ಯಾಕ್ರಿ...”

“ಯಾಕಂದ್ರ? ನಂಬಿ ಬಂದಿದ್ರು. ಕೆಟ್ಟ ಮಾಲ ಕೊಟ್ಟಂಗ ಆತಲ್ಲ.” ಆಗ ಮಾತ್ರ ಅವಳ ಕಣ್ಣು ತುಂಬಿತು. “ನೀ ಏನರ ಮಾಡಿ ಅವರದನ್ನ ಸರಿ ಮಾಡಬೇಕು. ಅಂದ್ರ ನಾ ನಾಳೆ ಬರ್ತೀನಿ.”

ಮಂದಾಕಿನಿ ಅದನ್ನು ಆಗಲೇ ಯೋಚಿಸಿದ್ದಳು. ಎಂಜಲು ಬಿಸಿಲಿಗೆ ಕೆಟ್ಟಿದ್ದರೆ ‘ಮಾದರಿ ಹಾಳು, ಮತ್ತೆ ತರಿಸಿ’ ಎಂದು ಬರೆಯುವ ಅಧಿಕಾರ ಓದುವವರಿಗೆ ಇದೆ. ಹನ್ನೊಂದು ಬಾಟಲಿಗೂ ಹಾಗೆ ಬರೆಯುವೆನೆಂದು ಮಾತು ಕೊಟ್ಟಳು. ಅಣ್ವೇಕರ ಸರ್‌ಗೆ ತಿಳಿದರೆ ತನ್ನ ಕೆಲಸ ಹೋಗುತ್ತದೆಂಬುದು ಅವಳಿಗೆ ಗೊತ್ತಿತ್ತು. ಆ ಹೆದರಿಕೆಗೆ ಅಂದು ಅವಳಲ್ಲಿ ಜಾಗವಿರಲಿಲ್ಲ.

ನೀಲಗಂಗವ್ವ ಎದ್ದು ಕಟ್ಟೆಯ ನಡುವೆ ಬಂದು ನಿಂತು, ಎಲ್ಲರಿಗೂ ಕೇಳುವಂತೆ ತಾನೇ ಹೇಳಿದಳು. ತಾನು ಹನ್ನೊಂದು ಜನಕ್ಕೂ ತುಂಬಿಸಿಕೊಟ್ಟದ್ದು, ಆ ಬಾಯಲ್ಲೇ ರೋಗ ಸಿಕ್ಕಿದ್ದು, ಎರಡನ್ನೂ. ಹನ್ನೊಂದು ಹೆಂಗಸರು ಮೊದಲು ಒಬ್ಬರನ್ನೊಬ್ಬರು ನೋಡಿದರು, ‘ನೀನೂನಾ?’ ಎಂಬ ಹಾಗೆ. ನಗುವ ಸಂಗತಿಯಾಗಿತ್ತು, ಯಾರಿಗೂ ನಗು ಬರಲಿಲ್ಲ. ಸೀತಾಬಾಯಿ ಮಡಿಮೈಲಿಗೆ ಮರೆತು ನೀಲಗಂಗವ್ವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಅತ್ತುಬಿಟ್ಟಳು.

“ಹಂಗಾರ ವಿಮಾ ಮಾಡಸೂದೋ ಬ್ಯಾಡೋ, ಮಂದಾ?” ಎಂದಳು ಹುಸೇನಬಿ, ಮೂಗು ಒರೆಸಿಕೊಳ್ಳುತ್ತ.

“ಅದು ನನಗ ಇನ್ನೂ ತಿಳಿದಿಲ್ರಿ, ಚಾಚಿ,” ಎಂದಳು ಮಂದಾಕಿನಿ. “ಮೊದಲ ನಿಮ್ಮ ಬಾಯಿ ನಿಮ್ಮ ಹೆಸರೀಲೆ ಓದಸ್ರಿ. ಮೂಳಿ ಗೆರಿ ಎದ್ದಿದ್ರ, ಕಂಪನಿ ಹೇಳಲಿಲ್ಲಂದ್ರೂ ನಾ ಹೇಳ್ತೀನಿ. ವಿಮಾ ಆಮ್ಯಾಲೆ ನೋಡೂಣು.”

ಮರುದಿನ ಬೆಳಿಗ್ಗೆ ದವಾಖಾನೆಯಲ್ಲಿ ಕೊಟ್ಟ ಅರ್ಜಿಯಲ್ಲಿ ಹೆಸರು, ವಯಸ್ಸು, ಊರು ಆದ ಮೇಲೆ ‘ವಿಮೆ ಇದೆಯೇ’ ಎಂಬ ಸಾಲು ಬಂತು. ಮಂದಾಕಿನಿ ‘ಇಲ್ಲ’ ಎಂದು ಬರೆದಳು. ಬರೆದ ಮೇಲೆ ಮಹಾಂತೇಶನ ಮುಖ ನೋಡಲು ಧೈರ್ಯವಾಗಲಿಲ್ಲ. ದುಡ್ಡು ಎಲ್ಲಿಂದ ತರುವುದು, ಹೇಗೆ ಹೊಂದಿಸುವುದು ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಮೂರು ತಾಸು ಬೆಂಚಿನ ಮೇಲೆ ಕಾದರು. ಎಕ್ಸರೇ ಆಯಿತು, ಇನ್ನೊಂದು ದೊಡ್ಡ ಯಂತ್ರದೊಳಗೆ ಮಲಗಿಸಿದ್ದಾಯಿತು, ದವಡೆಯಿಂದ ಚೂರು ತೆಗೆದದ್ದಾಯಿತು. ಪ್ರತಿ ಸಲ ಬಾಗಿಲು ತೆರೆದಾಗಲೂ ಮಂದಾಕಿನಿ ಎದ್ದು ನಿಲ್ಲುತ್ತಿದ್ದಳು.

ಕೊನೆಗೆ ಒಳಗೆ ಕರೆದ ಡಾಕ್ಟರು ಸಣ್ಣ ವಯಸ್ಸಿನವಳು. ಚಿತ್ರವನ್ನು ಬೆಳಕಿಗೆ ಹಿಡಿದು, ಒಮ್ಮೆ ಅದನ್ನೂ ಒಮ್ಮೆ ನೀಲಗಂಗವ್ವನನ್ನೂ ನೋಡಿದಳು.

“ಚೂರಿನ ರಿಪೋರ್ಟ್ ಬರಬೇಕು. ಬಂದ ಮ್ಯಾಲೆ ಆಪರೇಶನ್ ಅಂತೂ ಮಾಡಬೇಕಾಗ್ತದ. ಹಿಂದಿನ ಮೂರು ಹಲ್ಲು ಹೋಗ್ತಾವ, ಒಂದಿಷ್ಟು ಎಲುಬು ಹೋಗ್ತದ. ಆದ್ರ ಇದು ಕಡ್ಲಿಕಾಳಿನಷ್ಟ ಅದ. ಇಷ್ಟ ಸಣ್ಣದಿದ್ದಾಗ ನಮ್ಮ ಹತ್ರ ಯಾರೂ ಬರೂದಿಲ್ಲ. ಬಾವಿಲ್ಲ, ನೋವಿಲ್ಲ, ಹಲ್ಲು ಒಂದೂ ಅಳ್ಳಾಡಿಲ್ಲ. ನಿಮಗ ಹೆಂಗ ಗೊತ್ತಾತು, ಅಜ್ಜಿ?”

ಮಂದಾಕಿನಿ ಬಾಯಿ ತೆರೆಯುವಷ್ಟರಲ್ಲಿ ನೀಲಗಂಗವ್ವ ಹತ್ತಿ ತುಂಬಿದ ಬಾಯಲ್ಲೇ ಉತ್ತರ ಕೊಟ್ಟುಬಿಟ್ಟಳು.

“ಹನ್ನೊಂದ ಮಂದಿ ಸುಳ್ಳ ಹೇಳಿದ್ರವಾ. ಅದಕ್ಕ ಗೊತ್ತಾತು.”

ಅರವಳಿಕೆಯ ಮತ್ತಿನಲ್ಲಿ ಏನೋ ಆಡುತ್ತಿದ್ದಾಳೆಂದು ಡಾಕ್ಟರು ಸೊಸೆಯ ಕಡೆ ತಿರುಗಿ ನಕ್ಕಳು.

“ಹೌದ್ರಿ ಮೇಡಂ,” ಎಂದಳು ಮಂದಾಕಿನಿ. “ಅವರು ಹೇಳೂದು ಖರೇನ ಐತ್ರಿ.”